ಹಗ್ಗದ ಆಚೆ ತುದಿಯ ಸಾಕ್ಷಿ

ಕಳೆದ ಆಗಸ್ಟ್ ತಿಂಗಳ ಮೊದಲ ಸೋಮವಾರ, ಆಳಂದದ ಕಾಲೇಜು ಗ್ರಂಥಾಲಯದಲ್ಲಿ ನಾನೇ ಆಡಿಸಿದ ಆಟದಲ್ಲಿ ನಾನು ಸೋತೆ.

ಪತ್ರಿಕೆಯ ಕೆಲಸ ಬಿಟ್ಟ ಮೇಲೆ, ಓದಿದ್ದನ್ನು ಪರಿಶೀಲಿಸುವುದು ಹೇಗೆಂದು ಪದವಿ ವಿದ್ಯಾರ್ಥಿಗಳಿಗೆ ಆಟದ ಮೂಲಕ ಕಲಿಸುತ್ತಿದ್ದೇನೆ. ಮೇಜಿನ ಮೇಲೆ ಹತ್ತು ಸುದ್ದಿ ತುಣುಕುಗಳು, ಎರಡು ಡಬ್ಬಿಗಳು: ನಿಜ, ಸುಳ್ಳು. ಸುಳ್ಳು ಎಂದವರು ಸಾಕ್ಷಿ ಕೊಡಬೇಕು. ಲಾಭವಿರುವವರ ಮಾತೊಂದೇ ಸಾಲದು. ಸೋತವರು ಎಲ್ಲರಿಗೂ ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ತಿನ್ನಿಸಬೇಕು.

ಒಂದು ತುಣುಕು ನನ್ನದೇ ಹಳೆಯ ವರದಿ. ಮಹಿಳಾ ಸಂಘಗಳ ಹಗ್ಗ ಜಗ್ಗಾಟದ ಚಿತ್ರ. ಕೆಳಗೆ, ಅಫಜಲಪುರವನ್ನು ಸೋಲಿಸಿದ ಜೇವರ್ಗಿ ತಂಡ ಎಂಬ ಸಾಲು. ‘ನಿಜ’ ಎಂದು ಉತ್ತರ ಬರೆದು ಲಕೋಟೆಯಲ್ಲಿ ಇಟ್ಟಿದ್ದೆ. ಅಫಜಲಪುರ ಕಡೆಯ ವಿದ್ಯಾರ್ಥಿನಿ ಚಿತ್ರ ನೋಡಿದವಳೇ ಅದನ್ನು ‘ಸುಳ್ಳು’ ಡಬ್ಬಿಗೆ ಹಾಕಿದಳು.

“ಮುಂದ ಹಗ್ಗ ಹಿಡ್ಕೊಂಡಾಕಿ ನಮ್ಮವ್ವ ಅದಾಳ್ರಿ ಸರ್. ಗೆದ್ದವರು ನಮ್ಮ ಅಫಜಲಪುರದವರೇ. ಅವ್ವ ಊರಾಗ ಗಿರಣಿ ನಡಸ್ತಾಳ. ಬೀಸಾಕ ಬಂದವರೆಲ್ಲ, ಪೇಪರ್‌ದಾಗ ಸೋತಾಕಿ ಬಾಯಾಗ ಗೆದ್ದಾಳ ಅಂತ ನಗ್ತಾರ್ರಿ.”

“ಸಾಕ್ಷಿ ಯಾರು?” ಎಂದೆ.

“ಅವ್ವ.”

“ಆಡಿದಾಕಿ ಮಾತು ನಡ್ಯಂಗಿಲ್ಲ, ಮಿರ್ಚಿ ತರ್ಸು,” ಎಂದ ಜೇವರ್ಗಿಯ ವಿದ್ಯಾರ್ಥಿ. “ನಮ್ಮ ಅತ್ತಿನೂ ಜೇವರ್ಗಿ ಟೀಮ್‌ದಾಗ ಇದ್ದಳು. ಗೆದ್ದವರು ನಾವು.”

“ಹಂಗಾದ್ರ ನಿಮ್ಮ ಅತ್ತಿಗೆ ಫೋನ್ ಹಚ್ಚಲೇ,” ಎಂದಳು ಅವಳು. “ ಸ್ಪೀಕರ್ ಇಡು.”

ಅವನು ಹಚ್ಚಿ, ಅವತ್ತು ಗೆದ್ದವರು ಯಾರೆಂದು ಕೇಳಿದ. ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು.

“ಸೋತಿದ್ವಿ ಬಿಡೋ,” ಎಂದರು ಅತ್ತೆ. “ಎಳದು ಕೆಸರಾಗ ಕೆಡವಿದ್ರು. ಸೀರಿ ಎರಡು ಸಲ ತೊಳದ್ರೂ ಕಲಿ ಹೋಗಲಿಲ್ಲ. ಪೇಪರ್‌ದವರೇ ಗೆಲ್ಲಿಸಿದ ಮ್ಯಾಲೆ ನಾವ್ಯಾಕ ಬಾಯಿ ಬಿಡೂಣು? ಮುಂದ ಹಿಡಿದಾಕಿ ಆರಾಮ ಅದಾಳೇನು?”

ಗ್ರಂಥಾಲಯದಲ್ಲಿ ಅಷ್ಟು ಜೋರಾದ ನಗು ಹಿಂದೆ ನಾನು ಕೇಳಿರಲಿಲ್ಲ. ಹೇಳುವುದರಿಂದ ತನಗೇ ನಷ್ಟವಿರುವ ಸಾಕ್ಷಿಗೆ ತೂಕ ಹೆಚ್ಚು. ಅಫಜಲಪುರಕ್ಕೆ ಪೂರ್ತಿ ಅಂಕ ಕೊಟ್ಟೆ. ಮಿರ್ಚಿ ನಾನು ತರಿಸಿದೆ.

ಮನೆಗೆ ಹೋಗಿ ಹಳೆಯ ನೋಟುಬುಕ್ಕು ಹುಡುಕಿದೆ. ಅದರಲ್ಲಿ ಗೆದ್ದವರು ಅಫಜಲಪುರದವರೆಂದೇ ಇತ್ತು. ಚಿತ್ರದಡಿಯ ಸಾಲು ಬರೆಯುವಾಗ ಊರುಗಳನ್ನು ಅದಲುಬದಲು ಮಾಡಿದ್ದೆ. ಆ ಪುಟದ ಪ್ರತಿಯನ್ನು ಪತ್ರಿಕೆಗೆ ಕಳಿಸಿದೆ. “ಇಷ್ಟು ವರ್ಷದ ಮ್ಯಾಲೇನ್ರಿ?” ಎಂದು ಕೇಳಿದ ಸಂಪಾದಕರು, ಮರುವಾರ ಮೂರು ಸಾಲಿನ ತಿದ್ದುಪಡಿ ಹಾಕಿದರು.

ಅದು ಈಗ ಗಿರಣಿಯಲ್ಲಿ, ತಕ್ಕಡಿಯ ಮೇಲಿನ ಗೋಡೆಯಲ್ಲಿದೆ. ಹೋದ ಶುಕ್ರವಾರ ಘತ್ತರಗಿಯ ದೇವಿ ದರ್ಶನಕ್ಕೆ ಬಂದಿದ್ದ ಜೇವರ್ಗಿಯ ಅತ್ತೆ, ಅಲ್ಲೇ ಹತ್ತಿರದ ಆ ಗಿರಣಿಗೂ ಹೋಗಿ, ಅದನ್ನು ಓದಿ, ಚಹಾ ಕುಡಿದು ಹೋದರು.