ಖತಂ ಆದ ಆಡು

ನಾನು ಟೀಚರ್ ಆಗುವುದು ಸಾಧ್ಯವೇ ಇಲ್ಲ ಎಂದವರು ನಮ್ಮ ಕಾಕಾ. ರಾಜೇಶ್ವರದ ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಹತ್ತನೇ ತರಗತಿ ದಾಟಿರಲಿಲ್ಲ. ನಾನು ಬಿ.ಎ. ಮುಗಿಸಿ, ಬಸವಕಲ್ಯಾಣದಲ್ಲಿ ಬಿ.ಎಡ್.ಗೆ ಸೇರಿದ ಮೇಲೂ ಅವರ ಮಾತು ಅದೇ.

ಹುಮನಾಬಾದಿನ ಒಂದು ಶಾಲೆಯಲ್ಲಿ ನನ್ನ ಕೊನೆಯ ಅಭ್ಯಾಸ ಪಾಠ. ಕಾಲೇಜಿನ ಸರ್ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅದು ಕೆಟ್ಟರೆ ನನ್ನ ವರ್ಷವೇ ಕೆಟ್ಟಂತೆ. ಮಕ್ಕಳು ತಮಗೆ ಗೊತ್ತಿರುವ ಪ್ರಾಣಿಯ ಬಗ್ಗೆ ವರದಿ ಬರೆದಿದ್ದರು. ಅದಕ್ಕೆ ಮುಕ್ತಾಯ ಬರೆಯುವುದನ್ನು ನಾನು ಕಲಿಸಬೇಕಿತ್ತು.

ಮುಕ್ತಾಯ ಅಂದರೇನು ಎಂದು ಒಬ್ಬ ಹುಡುಗಿ ಕೇಳಿದಳು. ಸುಲಭವಾಗಲಿ ಎಂದು, ಖತಂ ಮಾಡೂದು ಎಂದುಬಿಟ್ಟೆ. ತಲೆ ಬಗ್ಗಿಸಿ ಎಲ್ಲರೂ ಬರೆದರು. ಓದಿಸಿದರೆ, ಎಮ್ಮೆ ಹಾವು ಕಚ್ಚಿ ಸತ್ತಿತ್ತು. ನಾಯಿ ಲಾರಿಗೆ ಸಿಕ್ಕಿತ್ತು. ಪ್ರಶ್ನೆ ಕೇಳಿದ ಹುಡುಗಿಯ ಆಡಿನ ಗತಿ ಹೇಳಬೇಕಾಗಿಯೇ ಇಲ್ಲ.

"ಒಂದೂ ಉಳಿದಿಲ್ಲಲ್ರಿ," ಎಂದರು ಸರ್.

ಪುಸ್ತಕದ ಮಾತೇ ಕಾಪಾಡಲಿ ಎಂದು ಬೋರ್ಡಿನ ಮೇಲೆ ‘ಉಪಸಂಹಾರ’ ಎಂದು ಬರೆದೆ.

ಅದೇ ಹುಡುಗಿ ಎದ್ದಳು. "ಇದರಾಗೂ ಸಂಹಾರ ಐತಲ್ರಿ ಟೀಚರ್."

ಸರ್ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಆ ಹೊತ್ತಿಗೆ ಮುಕ್ತಾಯ ಎಂದರೇನು ಎಂಬುದು ನನಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಅಂದು ಮುಂಜಾನೆ ಬಸ್ಸು ಹೊರಟಾಗ ಕಿಟಕಿಯ ಕೆಳಗೆ ನಿಂತು ಅವ್ವ ಕೂಗಿದ ಮಾತು. ಅದನ್ನೇ ಹಿಡಿದುಕೊಂಡು ಹುಡುಗಿಯನ್ನು ಕೇಳಿದೆ.

"ಬಸ್ ಬಿಡೂ ಮುಂದ ನಿಮ್ಮವ್ವ ಏನಂತಾಳ?"

"ಮನ್ಯಾಗ ಹೇಳಿದ್ದ ಮತ್ತ ಹೇಳತಾಳ್ರಿ. ಎಲ್ಲಾ ಅಲ್ಲ, ಖಾಸ್ ಇದ್ದದ್ದು ಅಷ್ಟ."

ಹಾಗೇ ಬರೀರಿ ಎಂದೆ. ಹುಡುಗಿ ಆಡನ್ನು ಬದುಕಿಸಿದಳು: "ಹೀಗೆ ಆಡು ಸಣ್ಣದಾದರೂ ಮನೆಗೆ ಹಾಲು, ಹೊಲಕ್ಕೆ ಗೊಬ್ಬರ ಕೊಡುತ್ತದೆ." ಸರ್ ಪಟ್ಟಿಯಲ್ಲಿ ಅಂಕ ಬರೆದು ಎದ್ದು ಹೋದರು. ಕಲಿಸಿದೆನೋ, ಸುಮ್ಮನೆ ಪಾರಾದೆನೋ, ಫಲಿತಾಂಶ ಬಂದ ಮೇಲೂ ನನಗೆ ಬಗೆಹರಿಯಲಿಲ್ಲ.

ಸರ್ಟಿಫಿಕೇಟನ್ನು ಮೊದಲು ಕಾಕಾನ ಕೈಗೇ ಕೊಟ್ಟೆ. ಅವರು ಧೋತರದ ಅಂಚಿಗೆ ಕೈ ಒರೆಸಿಕೊಂಡು ಹಿಡಿದರು. ಏನು ಬರೆದಿದ್ದಾರೆ ಎಂದು ಕೇಳಿದರು. ಪಾಸಾಗೀನಿ, ಟೀಚರ್ ಆಗಬಹುದು ಅಂತ ಬರೆದಾರ ಎಂದೆ.

ಕಾಕಾ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದರಾಗ ಹೊಸಾದೇನೈತಿ? ನಮಗ ಮೊದಲ ಗೊತ್ತಿತ್ತಲ್ಲ."