ನಾನು ಬರೆದಿಟ್ಟ ಅಂಕಿಗಳು

ನಾನು ನಿಮಗೆ ಸುಳ್ಳು ಹೇಳಿದೆ. ಒಂದು ಸಲವಲ್ಲ — ಏಳು ವಾರ, ನೀವೇ ತಂದುಕೊಟ್ಟ ನೋಟ್‌ಬುಕ್ಕಿನಲ್ಲಿ, ನೀವೇ ಸ್ಕೇಲು ಹಿಡಿದು ಗೆರೆ ಎಳೆದುಕೊಟ್ಟ ಪುಟಗಳಲ್ಲಿ. ನೀವು ಅದನ್ನು ನಂಬಿದಿರಿ. ನೀವು ಹೋಗಿ ಹದಿನಾಲ್ಕು ತಿಂಗಳಾದವು. ನೀವಿರುವಾಗ ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ.

ನಮ್ಮ ಕೊನೆಯ ಮಾಮೂಲಿ ದಿನ ಒಂದು ಭಾನುವಾರ. ಅಂದು ಮನೆಯ ಇಂಟರ್ನೆಟ್ಟಿನ ತೊಂದರೆ ಎಲ್ಲಿದೆ ಎಂದು ಕೊನೆಗೂ ಗೊತ್ತಾಗಿತ್ತು. ಎರಡು ತಿಂಗಳಿಂದ ನಿಮ್ಮ ಆಫೀಸಿನ ವಿಡಿಯೊ ಕಾಲ್‌ಗಳು ತುಂಡು ತುಂಡಾಗುತ್ತಿದ್ದವು. ವಾರಕ್ಕೆ ಎರಡು ದಿನ ಈ ಪರದೇಶದ ಪೇಟೆಯ ನಡುವಿನ ರಾಫೆಲ್ಸ್ ಪ್ಲೇಸಿನ ಬ್ಯಾಂಕಿಗೆ ಹೋಗುತ್ತಿದ್ದಿರಿ, ಉಳಿದ ಮೂರು ದಿನ ಟ್ಯಾಂಪಿನೀಸಿನ ಈ ಮನೆಯ ಮಲಗುವ ಕೋಣೆಯೇ ಆಫೀಸು. ನೀವು ಮಾತಾಡಲು ಶುರುಮಾಡಿದರೆ ಸಾಕು, ಆ ಕಡೆಯವರಿಗೆ ದನಿ ನಿಂತುಹೋಗುತ್ತಿತ್ತು. ರೌಟರು ಬಾಗಿಲ ಬಳಿ ಇತ್ತು. ಅದಕ್ಕೂ ನಿಮ್ಮ ಮೇಜಿಗೂ ನಡುವೆ ಇಲ್ಲಿನ ಮನೆಗಳೊಳಗೇ ಕಟ್ಟಿರುವ ಬಾಂಬ್ ಶೆಲ್ಟರ್ ಕೋಣೆಯ ದಪ್ಪ ಕಾಂಕ್ರೀಟ್ ಗೋಡೆ. ಅದು ಸಾಲದೆಂಬಂತೆ ನಮ್ಮ ಮಗಳು ಸಹನಾಳ ಫೋನು ಯಾವಾಗಲೂ ತನ್ನ ವಿಡಿಯೊಗಳನ್ನೆಲ್ಲ ಎಲ್ಲಿಗೋ ಏರಿಸುತ್ತಿತ್ತು. ನೀವು ಗೋಡೆಯ ಬುಡದಗುಂಟ ಉದ್ದ ಕೇಬಲ್ ಎಳೆದಿರಿ, ಫೋನಿನ ಬ್ಯಾಕಪ್ಪಿಗೆ ಮಿತಿ ಹಾಕಿದಿರಿ. ಅಂಕಿ ನಾಲ್ಕಕ್ಕೆ ಇಳಿದು ಅಲ್ಲೇ ನಿಂತಿತು. ಆ ಸಂತೋಷಕ್ಕೆ ಮೂವರೂ ತಿಂಡಿ ಅಂಗಡಿಗಳ ಹಾಕರ್ ಸೆಂಟರಿಗೆ ಹೋಗಿ ಪರಾಟ ತಿಂದೆವು.

ಅಂಕಿ ಎಂದರೆ ಪಿಂಗ್. ಒಂದು ಚಿಕ್ಕ ಸಂದೇಶ ಹೋಗಿ ಮರಳಿ ಬರಲು ಎಷ್ಟು ಮಿಲಿಸೆಕೆಂಡು ಬೇಕು ಎನ್ನುವ ಲೆಕ್ಕ. ನೀವು ಕಂಪ್ಯೂಟರಿನ ಕೆಲಸದವರಲ್ಲ, ಬ್ಯಾಂಕಿನ ಕಾಗದಪತ್ರಗಳನ್ನು ತಪಾಸಣೆ ಮಾಡುವವರು. ವಿಡಿಯೊ ನೋಡಿ ನೋಡಿ ಕಲಿತು ನನಗೂ ಕಲಿಸಿದಿರಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಎರಡು ಕಿಟಕಿ ತೆರೆದಿರಬೇಕು. ಒಂದು ನಮ್ಮ ರೌಟರಿಗೆ, ಇನ್ನೊಂದು ಹೊರಗಿನ ಸರ್ವರಿಗೆ. ನಾನು ಮಂಚದ ಮೇಲೆ ಕೂತು ಅದನ್ನು ನೋಡುತ್ತ, ಕಾಲ್ ನಿಂತಾಗಲೆಲ್ಲ ಹೊತ್ತು ಮತ್ತು ಅಂಕಿ ಬರೆಯಬೇಕು.

"ಮನ್ಯಾಗಿಂದು ತಡಾ ಆದ್ರ ವೈ-ಫೈ ತಪ್ಪು. ಹೊರಗಿಂದಷ್ಟ ತಡಾ ಆದ್ರ ಲೈನಿಂದ ತಪ್ಪು," ಎಂದಿದ್ದಿರಿ.

"ಎರಡೂ ಚೊಲೊ ಇದ್ರ?"

"ಎರಡೂ ಚೊಲೊ ಇದ್ರ ನಾನ ಕೆಟ್ಟೇನಿ ಅಂತ ತಿಳ್ಕೊ, ಸುಮಾ."

ಇಬ್ಬರೂ ನಕ್ಕಿದ್ದೆವು.

ಭಾನುವಾರ ಕಳೆದು ಮಂಗಳವಾರ ಮಧ್ಯಾಹ್ನ. ಎಲ್ಲ ಸರಿಹೋಗಿದೆಯೇ ಎಂದು ಖಚಿತ ಮಾಡಿಕೊಳ್ಳಲು ನನ್ನನ್ನು ಮತ್ತೆ ಕೂರಿಸಿದ್ದಿರಿ. ನೀವು ಏನನ್ನೋ ವಿವರಿಸುತ್ತಿದ್ದಿರಿ — ಒಂದು ವಾಕ್ಯದ ನಡುವೆ ನಿಂತಿರಿ. ಲೈನು ನಿಲ್ಲಲಿಲ್ಲ. ನೀವು ನಿಂತಿರಿ. ನನ್ನಿಂದ ಎರಡು ಮೊಳ ದೂರದಲ್ಲಿ. ಪೆನ್ನು ಹಿಡಿದ ಕೈ ಮೇಲಕ್ಕೆ ಎತ್ತಿದಂತೆಯೇ ಇತ್ತು. ಕಣ್ಣು ತೆರೆದಿತ್ತು, ತುಟಿ ಮಾತ್ರ ಏನನ್ನೋ ಚಪ್ಪರಿಸುವಂತೆ ಮೆಲ್ಲಗೆ ಆಡುತ್ತಿತ್ತು. ನನ್ನ ಮುಂದಿನ ಎರಡೂ ಕಿಟಕಿಗಳಲ್ಲಿ ನಾಲ್ಕು, ನಾಲ್ಕು, ಐದು, ನಾಲ್ಕು... ಎಂಟು ಸಾಲು ಎಣಿಸಿದೆ. ಎಂಟು ಸೆಕೆಂಡು.

"ಶಿವೂ, ಮತ್ತೆ ಫ್ರೀಜ್ ಆದೆ ಲಾ," ಎಂದು ಸ್ಪೀಕರಿನಿಂದ ಯಾರೋ ಇಲ್ಲಿಯವರ ಇಂಗ್ಲಿಷಿನಲ್ಲಿ ಅಂದು ನಕ್ಕರು.

ನೀವು ಮರಳಿ ಬಂದಿರಿ. ಸಾರಿ, ನೆಟ್‌ವರ್ಕ್, ಎಂದಿರಿ. ಕಾಲ್ ಮುಗಿಸಿ ನನ್ನ ಕಡೆ ತಿರುಗಿದಿರಿ.

"ಎಷ್ಟ ಹೋತು?"

ಒಂದು ಮಾತು ಸಾಕಿತ್ತು. ನಾಲ್ಕು ಎಂದಿದ್ದರೆ ಸಾಕಿತ್ತು.

"ನಾನೂರಾ ಹದಿನೆಂಟು," ಎಂದೆ.

ಯಾಕೆ ಹಾಗೆಂದೆ — ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಕೊಂಡಿದ್ದೇನೋ. ಆ ಗಳಿಗೆಯಲ್ಲಿ ಬಾಯಿ ತಾನಾಗಿ ಆಡಿತು. ಕೆಟ್ಟದ್ದನ್ನು ಬಾಯಿಬಿಟ್ಟು ಆಡಬಾರದು, ಆಡಿದರೆ ಅಸ್ತು ದೇವತೆ ಅಸ್ತು ಅಂದುಬಿಡುತ್ತದೆ ಎಂದು ನನ್ನ ಅವ್ವ ಹೆದರಿಸುತ್ತಿದ್ದಳು. ಆ ಹೆದರಿಕೆ ಇತ್ತು, ನಿಜ. ಆದರೆ ಅದರ ಹಿಂದೆ ಅಡಗಿಕೊಳ್ಳಲಾರೆ. ಅದು ಮೊದಲ ದಿನದ ಮಾತು. ಎರಡನೆಯ ಸಲ, ಮೂರನೆಯ ಸಲ, ನಾನು ಯೋಚಿಸಿಯೇ ಬರೆದೆ. ನಿಮ್ಮ ಕಾಂಟ್ರ್ಯಾಕ್ಟು ಮುಂದುವರಿಯಬೇಕಿದ್ದ ಸಮಯ ಅದು. ಕೆಲಸ ಹೋದರೆ ಈ ದೇಶದಲ್ಲಿರಲು ಬಿಡುವ ನಿಮ್ಮ ಪಾಸು ಹೋಗುತ್ತಿತ್ತು, ಅದರ ಹಿಂದೆ ನಮ್ಮಿಬ್ಬರದೂ. ಸಹನಾಳಿಗೆ ಓ ಲೆವೆಲ್ ವರ್ಷ, ನಮ್ಮ ಕಡೆಯ ಹತ್ತನೆಯ ತರಗತಿ ಇದ್ದಂತೆ. ಪರೀಕ್ಷೆಗೆ ಇನ್ನು ಒಂಬತ್ತು ವಾರ. ಅದು ಮುಗಿಯಲಿ, ಆಮೇಲೆ ನಿಮ್ಮನ್ನು ಡಾಕ್ಟರ ಬಳಿ ಕರೆದೊಯ್ಯುತ್ತೇನೆ ಎಂದುಕೊಂಡೆ. ನಿದ್ದೆ ಕಡಿಮೆಯಾಗಿರಬೇಕು, ಇಷ್ಟೇ — ಎಂದೂ ಅಂದುಕೊಂಡೆ. ಎರಡನ್ನೂ ಒಟ್ಟಿಗೆ ಅಂದುಕೊಳ್ಳುತ್ತಿದ್ದೆ. ನಿದ್ದೆಯಷ್ಟೇ ಆಗಿದ್ದರೆ ಬಚ್ಚಿಡುವುದು ಯಾಕೆ?

ಸುಳ್ಳು ಬರೆಯುವುದರಲ್ಲಿ ನನಗೆ ಒಂದು ಜಾಣತನವೂ ಬಂತು. ಇನ್ನೂರ ಅರವತ್ತಮೂರು, ಆರುನೂರ ಏಳು, ಮುನ್ನೂರ ತೊಂಬತ್ತೊಂದು. ದುಂಡನೆಯ ಅಂಕಿ ಬರೆದರೆ ನಿಮಗೆ ಅನುಮಾನ ಬರುತ್ತದೆ ಎಂದು ಗೊತ್ತಿತ್ತು, ತಪಾಸಣೆಯ ಆ ಗುಟ್ಟನ್ನು ನನಗೆ ಹೇಳಿದವರೂ ನೀವೇ. ರೌಟರಿನ ಕಾಲಂನಲ್ಲಿ ನಾಲ್ಕನ್ನೇ ಬಿಟ್ಟು, ಹೊರಗಿನ ಕಾಲಂನಲ್ಲಿ ಮಾತ್ರ ಸುಳ್ಳು ತುಂಬಿದೆ. ತಪ್ಪು ಲೈನಿನದು ಎಂದಾಯಿತು.

ನೀವು ಇಂಟರ್ನೆಟ್ ಕಂಪನಿಗೆ ದೂರಿನ ಮೇಲೆ ದೂರು ಕೊಟ್ಟಿರಿ. ಫೈಬರಿನ ಪೆಟ್ಟಿಗೆ ಬದಲಾಯಿತು, ಕೇಬಲ್ ಬದಲಾಯಿತು. ಒಮ್ಮೆ ಊಟದ ಹೊತ್ತಿಗೆ ತುತ್ತು ಹಿಡಿದುಕೊಂಡೇ ನಿಂತಿರಿ. ಸಹನಾ ನಿಮ್ಮ ಮುಖದ ಮುಂದೆ ಕೈ ಆಡಿಸಿ, "ಅಪ್ಪಾ ಬಫರಿಂಗ್ ಲಾ! ಅಮ್ಮಾ, ಅಪ್ಪನ್ನ ಆಫ್ ಮಾಡಿ ಆನ್ ಮಾಡು," ಎಂದಳು. ನೀವು ಎಚ್ಚೆತ್ತು ಅವಳ ನಗು ನೋಡಿ, ವಿಷಯ ತಿಳಿಯದೆಯೇ ನೀವೂ ನಕ್ಕಿರಿ. ನಾನು ಎದ್ದು ಸಾರು ತರಲು ಹೋದೆ. ಪಾತ್ರೆಯಲ್ಲಿ ಸಾರು ಮುಗಿದಿತ್ತು.

ಎರಡನೆಯ ಸಲ ಬಂದ ಟೆಕ್ನಿಷಿಯನ್ ವಯಸ್ಸಾದವರು, ತಮಿಳರು. ಒಂದು ಗಂಟೆ ಕೂತು ಪರೀಕ್ಷೆ ಮಾಡಿ, ಲೈನು ಗಾಜಿನಷ್ಟು ಶುಭ್ರವಾಗಿದೆ ಸಾರ್ ಎಂದರು. ನಿಮಗೆ ಸಿಟ್ಟು ಬಂತು. ಎಂದೂ ಯಾರ ಮೇಲೂ ದನಿ ಏರಿಸದವರು ನೀವು. ನೋಟ್‌ಬುಕ್ ತಂದು ಅವರ ಮುಂದೆ ಹಿಡಿದಿರಿ. "ನನ್ನ ಹೆಂಡತಿ ಬರೆದದ್ದು. ಅವಳು ನೋಡದೇ ಒಂದಕ್ಷರ ಬರೆಯುವವಳಲ್ಲ," ಎಂದಿರಿ. ಅವರು ಪುಟ ತಿರುವಿದರು. ಆಮೇಲೆ ನನ್ನನ್ನೇ ನೋಡಿ ಕೇಳಿದರು.

"ಅಕ್ಕಾ, ಇದನ್ನೆಲ್ಲ ನೀವೇ ಕಣ್ಣಾರೆ ಕಂಡಿರಾ?"

ಅದು ನಿಜ ಹೇಳಲು ನನಗೆ ಸಿಕ್ಕ ಎರಡನೆಯ ಬಾಗಿಲು.

"ಹೌದು," ಎಂದೆ.

ಅವರು ತಮ್ಮ ಚೀಲ ಕಟ್ಟಿಕೊಂಡು, ನಿಮ್ಮ ಬೈಗುಳ ಕೇಳಿಸಿಕೊಂಡು, ಸಾರಿ ಹೇಳಿ ಹೋದರು. ಅವರಿಗೂ ನಾನು ತಪ್ಪು ಮಾಡಿದ್ದೇನೆ.

ಅದಾಗಿ ಐದು ದಿನಕ್ಕೆ, ಬೆಳಿಗ್ಗೆ ಹತ್ತರ ಸುಮಾರಿಗೆ, ಮಾರ್ಕೆಟ್ಟಿನಿಂದ ಬರುತ್ತ ನೀವು ನಮ್ಮ ಬ್ಲಾಕಿನ ಬುಡದ ತೆರೆದ ಜಾಗ, ವಾಯ್ಡ್ ಡೆಕ್ಕಿನಲ್ಲಿ, ಲಿಫ್ಟಿನ ಮುಂದೆ ಬಿದ್ದಿರಿ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಮೆದುಳಿನ ಎಡಭಾಗದಲ್ಲಿ ಗಡ್ಡೆ, ಅದರೊಳಗೆ ರಕ್ತಸ್ರಾವ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೆಲ್ಲಗೆ ಕೇಳಿದಳು — ಇದಕ್ಕೂ ಮೊದಲು ಇವರು ಮಾತಿನ ನಡುವೆ ಸುಮ್ಮನೆ ನಿಂತುಬಿಡುವುದು, ಕೆಲವು ಸೆಕೆಂಡು ಮೈಮರೆತಂತೆ ಇರುವುದು, ಹೀಗೇನಾದರೂ ಆಗಿತ್ತೇ?

ಸಹನಾ ನನ್ನ ಪಕ್ಕದಲ್ಲೇ ನಿಂತಿದ್ದಳು, ಶಾಲೆಯ ಯೂನಿಫಾರ್ಮಿನಲ್ಲಿ.

"ಇಲ್ಲ," ಎಂದೆ.

ಹನ್ನೊಂದು ದಿನಕ್ಕೆ ನೀವು ಹೋದಿರಿ. ಗದಗಕ್ಕೆ ಒಯ್ದು ಮಣ್ಣು ಮಾಡಿದೆವು. ಬಂದವರೆಲ್ಲ ನನ್ನ ಕೈ ಹಿಡಿದು, ಶಿವನ ಇಚ್ಛೆ, ಯಾರ ಕೈಯಾಗ ಏನ ಐತವ್ವಾ, ನೀ ಚೊಲೊ ನೋಡಿಕೊಂಡಿ, ಎಂದರು. ನಾನು ತಲೆ ಆಡಿಸಿದೆ. ಮೊದಲೇ ತಿಳಿದಿದ್ದರೆ ನೀವು ಬದುಕುತ್ತಿದ್ದಿರೇ ಎಂದು ಆ ಡಾಕ್ಟರನ್ನು ಕೇಳಲಿಲ್ಲ. ಕೇಳಬೇಕಿದ್ದರೆ ನಿಜ ಹೇಳಬೇಕಿತ್ತು. ಇವತ್ತಿಗೂ ನನಗದು ಗೊತ್ತಿಲ್ಲ. ನೀವು ಬದುಕುತ್ತಿರಲಿಲ್ಲ ಎಂದೇ ಇಟ್ಟುಕೊಂಡರೂ — ಆ ಏಳು ವಾರ ನಿಮ್ಮವು. ನೀವು ಏನು ಮಾಡುತ್ತಿದ್ದಿರೋ. ಮಗಳಿಗೆ ಏನು ಹೇಳುತ್ತಿದ್ದಿರೋ. ಅವುಗಳನ್ನು ನೀವು ಕೇಬಲ್ ಬದಲಿಸುತ್ತ, ಗೊತ್ತಿಲ್ಲದ ಮನುಷ್ಯನ ಮೇಲೆ ಕೂಗಾಡುತ್ತ ಕಳೆದಿರಿ. ಕಳೆಯುವಂತೆ ಮಾಡಿದವಳು ನಾನು.

ಸಹನಾಳಿಗೆ ಈಚೆಗೆ ಹೇಳಿದೆ. ಇಲ್ಲಿಯೇ ಇದ್ದು ಓದುತ್ತಿದ್ದಾಳೆ. ಸ್ಟೂಡೆಂಟ್ ಪಾಸು ಅವಳದು, ಅವಳ ಆಸರೆಯಲ್ಲಿ ನನ್ನ ವಾಸ. ಒಂದು ಶನಿವಾರ ತಿಂಡಿ ತಿನ್ನುತ್ತ ತಾನಾಗಿ ಅಂದಳು, "ಅಪ್ಪ ಸ್ಟಕ್ ಆಗ್ತಿದ್ರಲ್ಲ, ನಾನು ಜೋಕ್ ಮಾಡ್ದೆ. ಯಾರಿಗಾದ್ರೂ ಹೇಳ್ಬೇಕಿತ್ತು ನಾನು." ಹದಿಮೂರು ತಿಂಗಳು ಆ ಹುಡುಗಿ ಅದನ್ನು ಒಬ್ಬಳೇ ಹೊತ್ತಿದ್ದಳು. ಆ ಭಾರ ಅವಳದಲ್ಲ ಎಂದು ಹೇಳಲೇಬೇಕಿತ್ತು. ಎಲ್ಲ ಹೇಳಿದೆ. ಅಂಕಿ, ಟೆಕ್ನಿಷಿಯನ್, ಡಾಕ್ಟರು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಯಾಕೆ ಎಂದು ಕೇಳಿದಳು. ಹೇಳಿಬಿಟ್ಟೆ.

ಅವಳು ತಟ್ಟೆಯನ್ನು ನೋಡುತ್ತ ಕೂತಳು.

"ಅಂದ್ರೆ, ನನ್ನ ಎಕ್ಸಾಮ್‌ಗೋಸ್ಕರ?"

ಅಲ್ಲ, ನನ್ನ ಹೆದರಿಕೆಗೋಸ್ಕರ ಎಂದೆ. ಆದರೆ ಅಷ್ಟರಲ್ಲಿ ಅವಳು ಕೇಳಬಾರದ್ದನ್ನು ಕೇಳಿಯಾಗಿತ್ತು. ಅವಳ ಮೇಲಿಂದ ಒಂದು ಭಾರ ಇಳಿಸಲು ಹೋಗಿ ಇನ್ನೊಂದು ಹೊರಿಸಿದೆ. ನಿಮಗೆ ಮಾಡಿದ್ದರ ಜೊತೆಗೆ ಇದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಅವಳು ಜಗಳ ಆಡಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಕಾಲೇಜಿಗೆ ಹೋಗುತ್ತಾಳೆ, ಮಳೆ ಬಂದರೆ ಒಣಹಾಕಿದ ಬಟ್ಟೆ ಒಳಗೆ ತರುತ್ತಾಳೆ. ಏನಾದರೂ ಬೇಕಾದರೆ ನನ್ನ ಎದುರಿಗೆ ಬಂದು ನಿಂತು, ಕೇಳಿ, ಹೋಗುತ್ತಾಳೆ. ಆ ಆಸ್ಪತ್ರೆಗೆ ಪತ್ರ ಬರೆದು ನಿಮ್ಮ ಫೈಲಿನಲ್ಲಿರುವ ನನ್ನ ಸುಳ್ಳನ್ನು ಸರಿಪಡಿಸಲು ಕೇಳುತ್ತೇನೆ. ಅವಳಿಗೆ ಓದಲು ಕೊಟ್ಟೇ ಕಳಿಸುತ್ತೇನೆ. ಅದರಿಂದ ಏನೂ ಮರಳಿ ಬರುವುದಿಲ್ಲ, ಗೊತ್ತು.

ಈ ಮನೆಯಲ್ಲಿ ನನ್ನನ್ನು ಅಮ್ಮಾ ಎಂದು ಯಾರೂ ಕರೆಯದೆ ಇಂದಿಗೆ ಇಪ್ಪತ್ತೆರಡು ದಿನ.