ಶಿರ್ತಾಡಿಯ ಈಚಿನ ನಾಗರಕಲ್ಲು

ಸ್ನೇಹಿತರೇ, ಇವತ್ತು ಒಂದು ಕಲ್ಲು ನನ್ನ ತಲೆ ಕೆಡಿಸಿದೆ.

ಶಿರ್ತಾಡಿಯಲ್ಲಿ ಹಳೆಯ ಬಸದಿಯ ಪಕ್ಕದ ಜಾಗದಲ್ಲಿ ಅಂಗಡಿ ಕಟ್ಟಡವೊಂದು ಏಳಲಿದೆ. ಅಲ್ಲಿ ಪುರಾತನವಾದದ್ದು ಏನಾದರೂ ಇದೆಯೇ ಎಂದು ನೋಡಿ ವರದಿ ಕೊಡುವುದು ನನ್ನ ಕೆಲಸ. ಮೂಲೆಯಲ್ಲಿ ಒಂದು ನಾಗರಕಲ್ಲು ಇತ್ತು. ಅದರ ಮೇಲಿನ ಉಳಿಯ ಗುರುತು ಇನ್ನೂ ಮಾಸಿರಲಿಲ್ಲ.

“ಇದು ಈಚಿನದು. ತೆಗೆಯಬಹುದು” ಎಂದೆ. ಜಾಗದ ಯಜಮಾನ ಹಮೀದಾಕ ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಾಡಿತು.

“ಹಳತು ಅಂತ ಬರೆಯಿರಿ ಸಾರ್. ನೆರೆಮನೆಯ ಕಮಲಕ್ಕನ ಗಂಡ ಇಟ್ಟ ಕಲ್ಲು ಇದು, ಈಗ ಅವರಿಲ್ಲ. ಕಮಲಕ್ಕ ದಿನಾ ಬಂದು ದೀಪ ಇಡ್ತಾರೆ. ದುಬೈಯಲ್ಲಿರುವ ನನ್ನ ಅಣ್ಣ ಮೂಲೆವರೆಗೂ ಕಟ್ಟು ಅಂತಾರೆ. ಸರಕಾರ ಬೇಡ ಅಂದ್ರೆ ಮಾತ್ರ ಬಿಡ್ತಾರೆ.”

“ಸುಳ್ಳು ಬರೆಯಲಿಕ್ಕೆ ಆಗುವುದಿಲ್ಲ.”

“ಹಾಗಾದ್ರೆ ಇದು ಹಳತಾಗ್ಲಿಕ್ಕೆ ಎಷ್ಟು ವರ್ಷ ಬೇಕು?”

“ನೂರಾದರೂ ಬೇಕು.”

ಹಮೀದಾಕ ಅಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿ ನನಗೂ ಅರ್ಥವಾಗುವ ಬ್ಯಾರಿ ಭಾಷೆಯಲ್ಲಿ ಹೇಳಿದರು: “ಆ ಮೂಲೆಯಲ್ಲಿ ಈಗ ಕಟ್ಟುವ ಹಾಗಿಲ್ಲ. ಕಲ್ಲು ನೋಡಲು ಬಂದವರು ಸ್ವಲ್ಪ ಕಾಯಬೇಕು ಎನ್ನುತ್ತಿದ್ದಾರೆ.”

ನಾನು ಹಾಗೆ ಹೇಳಿದೆನೇ? ಮನೆಗೆ ಬಂದ ಮೇಲೂ ಯೋಚಿಸುತ್ತಿದ್ದೇನೆ. ಹೇಳಲಿಲ್ಲ ಅಂತಲೂ ಅನ್ನಿಸುತ್ತಿಲ್ಲ.